ಟೊಂಕ ಮುರಿದವರ ಮೂತ್ರದ ಲೆಕ್ಕ

ಬಿದ್ದು ಟೊಂಕ ಮುರಿದುಕೊಂಡ ಹಿರಿಯರನ್ನು ನೋಡಲು ವಾರ್ಡಿಗೆ ಬರುವ ನೆಂಟರು ಕೇಳುವುದೆಲ್ಲ ಎಲುಬಿನ ವಿಚಾರವೇ ಆಗಿರುತ್ತದೆ. ರಾಡ್ ಹಾಕಿದರೋ ಬಾಲ್ ಬದಲಿಸಿದರೋ, ಹೊಲಿಗೆ ಯಾವಾಗ ಬಿಚ್ಚುತ್ತಾರೆ, ಮತ್ತೆ ಎದ್ದು ನಡೆಯುವುದು ಯಾವಾಗ ಎಂದು. ಈ ಪ್ರಶ್ನೆಗಳಲ್ಲಿ ತಪ್ಪೇನೂ ಇಲ್ಲ. ಆದರೆ ರಾಯಚೂರಿನ ಆಸ್ಪತ್ರೆಯೊಂದರ ಎಲುಬು ಮತ್ತು ಕೀಲು ವಿಭಾಗದಲ್ಲಿ ಹಲವು ವರ್ಷಗಳಿಂದ ಶುಶ್ರೂಷಕಿಯಾಗಿರುವ ನನಗೆ, ಮಂಚದ ಸುತ್ತ ನಿಂತವರಲ್ಲಿ ಒಬ್ಬರಾದರೂ ‘ನಿನ್ನೆಯಿಂದ ಎಷ್ಟು ಮೂತ್ರ ಹೋಗಿದೆ’ ಎಂದು ಕೇಳಲಿ ಎಂಬ ಆಸೆ ಇದೆ. ಮುರಿದ ಎಲುಬನ್ನು ಶಸ್ತ್ರವೈದ್ಯರು ಒಂದೆರಡು ತಾಸಿನಲ್ಲಿ ಜೋಡಿಸಿ ಕೊಡುತ್ತಾರೆ. ಆಮೇಲಿನ ವಾರದಲ್ಲಿ ಆ ಜೀವ ಚೇತರಿಸಿಕೊಳ್ಳುವುದೋ ಕುಗ್ಗುವುದೋ ಎಂಬುದು ಬಹುಮಟ್ಟಿಗೆ ಯಾರ ಗಮನಕ್ಕೂ ಬಾರದ ಕಿಡ್ನಿಯ ಮೇಲೆ ನಿಂತಿರುತ್ತದೆ. ಅದರ ಬಗ್ಗೆ, ಅದರಲ್ಲೂ ಮನೆಯವರ ಕೈಯಲ್ಲಿರುವ ಭಾಗದ ಬಗ್ಗೆ, ನನಗೆ ತಿಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸೊಂಟದ ಎಲುಬು ಮುರಿದು ಆಸ್ಪತ್ರೆ ಸೇರಿದ ಹಿರಿಯರಲ್ಲಿ ಎಷ್ಟು ಮಂದಿಗೆ ಮೂತ್ರಪಿಂಡದ ಕೆಲಸ ಹಠಾತ್ತಾಗಿ ಕುಸಿಯುತ್ತದೆ ಎಂಬ ಲೆಕ್ಕ ಅಧ್ಯಯನದಿಂದ ಅಧ್ಯಯನಕ್ಕೆ ಬದಲಾಗುತ್ತದೆಯಾದರೂ, ಸ್ಥೂಲವಾಗಿ ಹತ್ತು ಮಂದಿಯಲ್ಲಿ ಒಬ್ಬರಿಂದ ಹಿಡಿದು ನಾಲ್ವರಲ್ಲಿ ಒಬ್ಬರವರೆಗೆ ಎನ್ನಬಹುದು. ಅಂದರೆ ಇದು ಎಲ್ಲೋ ಒಬ್ಬರಿಗೆ ಬರುವ ತೊಡಕಲ್ಲ. 2012ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ, ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕಸವಾದ ಕ್ರಿಯಾಟಿನಿನ್ ರಕ್ತದಲ್ಲಿ 48 ತಾಸುಗಳೊಳಗೆ ಡೆಸಿಲೀಟರಿಗೆ 0.3 ಮಿಲಿಗ್ರಾಂನಷ್ಟು ಏರಿದರೂ, ಏಳು ದಿನಗಳೊಳಗೆ ಮೊದಲಿದ್ದುದರ ಒಂದೂವರೆ ಪಟ್ಟಾದರೂ, ಇಲ್ಲವೇ ಮೂತ್ರವು ಆರು ತಾಸಿನ ತನಕ ದೇಹದ ತೂಕದ ಪ್ರತಿ ಕಿಲೋಗೆ ತಾಸಿಗೆ ಅರ್ಧ ಮಿಲಿಲೀಟರಿಗಿಂತ ಕಡಿಮೆ ಬಂದರೂ, ಮೂತ್ರಪಿಂಡಕ್ಕೆ ತೀವ್ರ ಪೆಟ್ಟು ಬಿದ್ದಿದೆ ಎಂದೇ ತಿಳಿಯಬೇಕು. 0.3 ಎಂಬುದು ಎಷ್ಟು ಸಣ್ಣ ಅಂಕಿ ಎಂಬುದನ್ನು ನೋಡಿ. ಸೇರಿದ ದಿನ 0.7 ಇದ್ದುದು ಮೂರನೆಯ ದಿನಕ್ಕೆ 1.0 ಆದರೆ ಎರಡೂ ಲ್ಯಾಬ್ ಚೀಟಿಯಲ್ಲಿ ‘ನಾರ್ಮಲ್’ ಗೆರೆಯೊಳಗೇ ಇರುತ್ತವೆ, ಯಾರೂ ಅದರ ಕೆಳಗೆ ಗೀಟು ಎಳೆಯುವುದಿಲ್ಲ. ಆದರೂ ಆ ಸಣ್ಣ ಏರಿಕೆ ಕಂಡವರೇ ಆಸ್ಪತ್ರೆಯಲ್ಲಿ ಹೆಚ್ಚು ದಿನ ಉಳಿಯುತ್ತಾರೆ, ಅವರಿಗೇ ರಾತ್ರಿ ಹೊತ್ತು ಬುದ್ಧಿ ಮಸುಕಾಗಿ ಸತ್ತುಹೋದವರ ಹೆಸರು ಹಿಡಿದು ಕರೆಯುವ ಗೊಂದಲ ಹೆಚ್ಚು, ಅವರಲ್ಲೇ ಸಾವಿನ ಪ್ರಮಾಣವೂ ಹೆಚ್ಚು ಎಂಬುದು ಮತ್ತೆ ಮತ್ತೆ ಕಂಡುಬಂದಿರುವ ಸಂಗತಿ.

ಪೆಟ್ಟು ಬೀಳುವುದು ಎಲ್ಲಿಂದ ಶುರುವಾಗುತ್ತದೆ ಎಂದರೆ, ಬಿದ್ದ ಗಳಿಗೆಯಿಂದಲೇ. ನಮ್ಮ ಕಡೆ ಬೇಸಿಗೆಯಲ್ಲಿ ಪಾರಾ 40 ಡಿಗ್ರಿ ದಾಟುವುದು ವಿಶೇಷವೇನಲ್ಲ. ವಯಸ್ಸಾದಂತೆ ಬಾಯಾರಿಕೆಯ ಅರಿವೇ ಮಂದವಾಗುವುದರಿಂದ ಹಿರಿಯರು ಬೀಳುವ ಮೊದಲೇ ಅರ್ಧ ಒಣಗಿರುತ್ತಾರೆ. ಬಚ್ಚಲ ಕಲ್ಲಿನ ಮೇಲೆ ಜಾರಿಯೋ, ಹೊಸ್ತಿಲು ಎಡವಿಯೋ ಬಿದ್ದವರನ್ನು ಮನೆಯವರೆಲ್ಲ ಹೊಲದಿಂದ ಬರುವವರೆಗೆ ಯಾರೂ ನೋಡದಿರಬಹುದು. ಗಟ್ಟಿ ನೆಲದ ಮೇಲೆ ಬಹಳ ಹೊತ್ತು ಒಂದೇ ಮಗ್ಗುಲಲ್ಲಿ ಬಿದ್ದವರ ಸ್ನಾಯುಗಳು ನಜ್ಜಾಗಿ, ಅವುಗಳೊಳಗಿನ ಕೆಂಪು ಅಂಶ ರಕ್ತಕ್ಕೆ ಸೇರಿ, ಮೂತ್ರಪಿಂಡದ ಸೂಕ್ಷ್ಮ ನಾಳಗಳನ್ನು ಕೆಡಿಸುತ್ತದೆ. ಆಗ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗುತ್ತದೆ. ಇನ್ನು ತೊಡೆಯ ಎಲುಬಿನ ಕುತ್ತಿಗೆಗಿಂತ ಕೆಳಗೆ, ಅದರ ದಪ್ಪ ಗುಬುಟಿನ ಭಾಗದಲ್ಲಿ ಮುರಿದಿದ್ದರೆ ತೊಡೆಯೊಳಗೇ ರಕ್ತ ಇಳಿಯುತ್ತದೆ, ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಲೀಟರಿನಷ್ಟು ರಕ್ತ ಹೀಗೆ ಒಳಗೇ ಸೋರಿಹೋಗಬಹುದು, ಮತ್ತು ಹಿಮೋಗ್ಲೋಬಿನ್ ಇಳಿದಿರುವುದು ಗೊತ್ತಾಗುವುದು ಎರಡನೆಯ ಅಥವಾ ಮೂರನೆಯ ದಿನ.

ಇದರ ಮೇಲೆ ವೇಳೆ ಹೋಗುತ್ತದೆ. ದೇವದುರ್ಗ, ಮಸ್ಕಿ, ಲಿಂಗಸುಗೂರಿನ ಕಡೆಯ ಹಳ್ಳಿಗಳಿಂದ ಬರುವ ಎಷ್ಟೋ ಮಂದಿ ಮೊದಲು ಎಲುಬು ಕಟ್ಟುವವರ ಬಳಿ ಹೋಗಿ, ಮೊಟ್ಟೆಯ ಬಿಳಿ, ಬಟ್ಟೆ ಮತ್ತು ಬಿದಿರಿನ ದಬ್ಬೆಯ ಕಟ್ಟು ಹಾಕಿಸಿಕೊಂಡು, ನಾಲ್ಕಾರು ದಿನ ಕಾದು, ನೋವು ತಾಳಲಾರದೆ ನಮ್ಮಲ್ಲಿಗೆ ಬರುತ್ತಾರೆ. ಕೈ ಎಲುಬಿನ ಮಾತು ಬೇರೆ, ಸೊಂಟದ ಎಲುಬಿನ ಮಾತೇ ಬೇರೆ ಎಂಬುದನ್ನು ನಾನು ಯಾರ ಮನಸ್ಸನ್ನೂ ನೋಯಿಸದೆ ಹೇಳಬಯಸುತ್ತೇನೆ. ಸೊಂಟ ಮುರಿದವರಿಗೆ ಒಂದೆರಡು ದಿನದೊಳಗೆ ಶಸ್ತ್ರಚಿಕಿತ್ಸೆ ಆಗಬೇಕೆಂದು ಎಲ್ಲ ಕಡೆಯ ವೈದ್ಯರೂ ಒತ್ತಾಯಿಸುವುದು ಎಲುಬು ಬೇಗ ಕೂಡಲಿ ಎಂಬುದಕ್ಕಷ್ಟೇ ಅಲ್ಲ. ಅಲುಗಾಡದೆ ಮಲಗಿದ ಪ್ರತಿ ದಿನವೂ ಶ್ವಾಸಕೋಶ, ಬೆನ್ನಿನ ಚರ್ಮ, ಮೂತ್ರಪಿಂಡ ಎಲ್ಲವೂ ಬೆಲೆ ತೆರುತ್ತವೆ.

ಈಗ ನಾನು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುವ ವಿಷಯಕ್ಕೆ ಬರುತ್ತೇನೆ. ಟೊಂಕ ಮುರಿದ ಹಿರಿಯರು, ಅದರಲ್ಲೂ ಹೆಣ್ಣುಮಕ್ಕಳು, ಬೇಕೆಂತಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ನೀರು ಕುಡಿದರೆ ಒಂದಕ್ಕೆ ಹೋಗಬೇಕು. ಹೋಗಬೇಕೆಂದರೆ ಯಾರಾದರೂ ಸೊಂಟ ಎತ್ತಿ ಬೆಡ್‌ಪ್ಯಾನ್ ಇಡಬೇಕು. ಎತ್ತಿದಾಗ ಮುರಿದ ಕಡೆ ಜೀವ ಹೋಗುವಷ್ಟು ನೋವು. ಪಕ್ಕದ ಮಂಚದಲ್ಲಿ ಪರಪುರುಷರು ಬಂದು ಹೋಗುತ್ತಿರುತ್ತಾರೆ, ಅಡ್ಡ ಪರದೆ ಅರ್ಧ ಮಾತ್ರ ಮುಚ್ಚುತ್ತದೆ. ಇದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ, ‘ಸಾಕು, ಬ್ಯಾಡ’ ಎಂದು ಲೋಟವನ್ನು ಪಕ್ಕಕ್ಕೆ ಸರಿಸುತ್ತಾರೆ ಅಷ್ಟೆ. ಸಿಂಧನೂರಿನ ಕಡೆಯ ಒಬ್ಬ ಹಿರಿಯಮ್ಮ ಮಾತ್ರ ಸೊಸೆ ಊಟ ತರಲು ಹೊರಗೆ ಹೋದಾಗ ನನ್ನ ಕೈ ಹಿಡಿದು, ‘ನೀರ ಕುಡುದ್ರ ಒಂದಕ್ಕ ಬರತೈತಲ್ಲವ್ವಾ, ಆ ಹುಡಿಗಿ ಎಷ್ಟು ಸರ್ತಿ ಎತ್ತತಾಳ, ಅಕಿಗೂ ಟೊಂಕ ಐತಿಲ್ಲ’ ಎಂದರು. ಅವರ ತುಟಿ ಸಿಪ್ಪೆ ಎದ್ದಿತ್ತು, ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು, ಬೆಳಗಿನಿಂದ ಹೋಗಿದ್ದ ಮೂತ್ರ ಒಂದು ಸಣ್ಣ ಲೋಟದಷ್ಟೂ ಇರಲಿಲ್ಲ. ಇಂಥವರಿಗೆ ‘ನೀರು ಕುಡೀರಿ, ನೀರು ಕುಡೀರಿ’ ಎಂದು ಗದರುವುದರಿಂದ ಪ್ರಯೋಜನವಿಲ್ಲ. ಕುಡಿದರೆ ಆಗುವ ಸಂಕಟವನ್ನು ಮೊದಲು ಕಡಿಮೆ ಮಾಡಬೇಕು.

ಅದಕ್ಕೆ ದಾರಿಗಳಿವೆ. ನೋವು ಸರಿಯಾಗಿ ಹತೋಟಿಗೆ ಬಂದರೆ ಅರ್ಧ ಸಮಸ್ಯೆ ನೀಗುತ್ತದೆ. ತೊಡೆಸಂದಿನ ನರದ ಸುತ್ತ ಮರಗಟ್ಟಿಸುವ ಸೂಜಿ ಕೊಡುವ ವ್ಯವಸ್ಥೆ ಇರುವಲ್ಲಿ ಅದನ್ನು ಕೇಳಿ ಪಡೆಯಬೇಕು, ಏಕೆಂದರೆ ಅದು ಕಿಡ್ನಿಗೆ ಭಾರವಾಗದೆ ನೋವು ಇಳಿಸುತ್ತದೆ. ಬೆಡ್‌ಪ್ಯಾನಿನಲ್ಲಿಯೂ ಚಪ್ಪಟೆಯಾದ, ಮುಂಭಾಗ ತೆಳ್ಳಗಿರುವ ಬಗೆಯೊಂದು ಸಿಗುತ್ತದೆ; ಅದನ್ನು ಇಡಲು ಸೊಂಟವನ್ನು ಅಷ್ಟೇನೂ ಎತ್ತಬೇಕಾಗಿಲ್ಲ, ಮುರಿಯದ ಮಗ್ಗುಲಿನಿಂದ ಸರಿಸಿದರೆ ಸಾಕು. ಶಸ್ತ್ರಚಿಕಿತ್ಸೆಯ ಹಿಂದು ಮುಂದಿನ ದಿನಗಳಲ್ಲಿ ಮೂತ್ರದ ನಳಿಕೆ ಹಾಕಿರುತ್ತಾರಾದ್ದರಿಂದ ಆ ದಿನಗಳಲ್ಲಿ ಕುಡಿಯಲು ಅಡ್ಡಿಯೇ ಇಲ್ಲ ಎಂದು ಅವರಿಗೆ ಬಿಡಿಸಿ ಹೇಳಬೇಕು. ನಳಿಕೆ ಇದ್ದರೂ ಹಳೆಯ ಹೆದರಿಕೆಯಿಂದಲೇ ಕುಡಿಯದವರನ್ನು ನಾನು ಕಂಡಿದ್ದೇನೆ. ಒಮ್ಮೆಗೆ ತಂಬಿಗೆ ನೀರು ಕೊಟ್ಟರೆ ಯಾರೂ ಕುಡಿಯಲಾರರು. ಎಚ್ಚರವಿರುವ ಹೊತ್ತಿನಲ್ಲೆಲ್ಲ ತಾಸಿಗೊಮ್ಮೆ ಅರ್ಧ ಲೋಟ ನೀರೋ, ತಿಳಿ ಮಜ್ಜಿಗೆಯೋ, ಅಂಬಲಿಯೋ, ಬೇಳೆಯ ಕಟ್ಟೋ ಕೊಡುತ್ತ ಹೋದರೆ ದಿನಕ್ಕೆ ಒಂದೂವರೆ ಲೀಟರಿನ ಹತ್ತಿರ ಬರುತ್ತದೆ. ಹೃದಯದ ದುರ್ಬಲತೆ ಇರುವವರಿಗೆ ಮತ್ತು ಆಗಲೇ ಮೂತ್ರ ನಿಂತುಹೋಗಿರುವವರಿಗೆ ಈ ಲೆಕ್ಕ ಅನ್ವಯಿಸದು, ಅವರಿಗೆ ಎಷ್ಟು ಕೊಡಬೇಕೆಂಬುದನ್ನು ವೈದ್ಯರೇ ಹೇಳಬೇಕು.

ಆಪರೇಷನ್ನಿನ ಹಿಂದಿನ ದಿನದ ಉಪವಾಸ ಇನ್ನೊಂದು. ಗಟ್ಟಿ ಆಹಾರವನ್ನು ಅರಿವಳಿಕೆಗೆ ಆರು ತಾಸು ಮೊದಲು ನಿಲ್ಲಿಸಿದರೆ ಸಾಕು, ತಿಳಿಯಾದ ನೀರನ್ನು ಎರಡು ತಾಸು ಮೊದಲಿನವರೆಗೂ ಕುಡಿಯಬಹುದು ಎಂಬುದು ಅರಿವಳಿಕೆ ತಜ್ಞರ ಸಂಘಗಳೇ ಒಪ್ಪಿರುವ ನಿಯಮ. ಆದರೆ ನಡೆಯುವುದೇನೆಂದರೆ, ‘ರಾತ್ರಿ ಊಟ ಆದ ಮೇಲೆ ಏನೂ ಕೊಡಬೇಡಿ’ ಎಂಬ ಒಂದು ಮಾತು ವಾರ್ಡಿನಲ್ಲಿ ಬೀಳುತ್ತದೆ, ಬೆಳಗ್ಗೆ ಹತ್ತಕ್ಕೆ ಎಂದಿದ್ದ ಸರದಿ ಅಪಘಾತದ ಕೇಸು ಬಂತೆಂದು ಮಧ್ಯಾಹ್ನಕ್ಕೆ, ಮಧ್ಯಾಹ್ನದ್ದು ನಾಳೆಗೆ ಹೋಗುತ್ತದೆ, ಎಪ್ಪತ್ತೈದರ ಮುದುಕಿ ಹನಿ ನೀರಿಲ್ಲದೆ ಇಡೀ ದಿನ ಕಾಯುತ್ತಾಳೆ. ಮನೆಯವರು ಇಲ್ಲಿ ಸಂಕೋಚಪಡಬಾರದು. ಸರದಿ ಮುಂದೆ ಹೋಯಿತೆಂದು ತಿಳಿದ ಕೂಡಲೇ ‘ಈಗ ನೀರು ಕೊಡಬಹುದೇ, ಇಲ್ಲದಿದ್ದರೆ ಸಲೈನ್ ಹಾಕುತ್ತೀರಾ’ ಎಂದು ಕೇಳುವುದು ನಿಮ್ಮ ಹಕ್ಕು, ಮತ್ತು ಆ ಪ್ರಶ್ನೆಗೆ ಬೇಸರಿಸುವ ಕಾರಣ ಯಾವ ಸಿಬ್ಬಂದಿಗೂ ಇಲ್ಲ.

ನೋವಿನ ಗುಳಿಗೆಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕಾಗಿದೆ. ಬಿದ್ದವರಿಗೆ ಮೊದಲು ಸಿಗುವುದು ಊರಿನ ಮೆಡಿಕಲ್ ಅಂಗಡಿಯ ಗುಳಿಗೆ ಅಥವಾ ಹತ್ತಿರದ ಕ್ಲಿನಿಕ್ಕಿನ ಸೂಜಿ. ಅದರಲ್ಲಿ ಬಹುಪಾಲು ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ಐಬುಪ್ರೊಫೆನ್, ಕೆಟೊರೊಲ್ಯಾಕ್, ಎಟೊರಿಕಾಕ್ಸಿಬ್ ಇಂಥ ಒಂದೇ ಕುಲದ ಔಷಧಗಳು. ಅಸಿಕ್ಲೊಫೆನಾಕ್ ಜೊತೆ ಪ್ಯಾರಾಸಿಟಮಾಲ್ ಸೇರಿಸಿದ ಗುಳಿಗೆಯನ್ನು ಜನ ‘ಬರೀ ಜ್ವರದ ಗುಳಿಗೆ’ ಎಂದು ತಿಳಿದು ದಿನಕ್ಕೆ ಮೂರು ಸಲ ಕೊಟ್ಟಿರುತ್ತಾರೆ. ಇನ್ನೊಂದು ಕಡೆ ಆ ಹಿರಿಯರು ಬಿ.ಪಿ.ಗೆ ವರ್ಷಗಳಿಂದ ಟೆಲ್ಮಿಸಾರ್ಟಾನ್ ಅಥವಾ ರಾಮಿಪ್ರಿಲ್ ಮಾದರಿಯ ಗುಳಿಗೆ ನುಂಗುತ್ತಿರುತ್ತಾರೆ, ಕೆಲವರಿಗೆ ಅದರೊಂದಿಗೇ ಮೂತ್ರ ಹೆಚ್ಚಿಸುವ ಔಷಧವೂ ಬೆರೆತಿರುತ್ತದೆ. ಪ್ರತಿಯೊಂದೂ ತನ್ನಷ್ಟಕ್ಕೆ ಕೆಟ್ಟದ್ದಲ್ಲ, ಕೂಡಿದಾಗ ಕೆಡುಕು. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದ ರೈತರಿಗೆ ಇದನ್ನು ಹೇಳುವುದು ಸುಲಭ: ಮೇಲಿನ ತೂಬನ್ನು ಯಾರೋ ಅರ್ಧ ಮುಚ್ಚಿ, ಕೆಳಗಿನ ಗೇಟನ್ನು ಇನ್ಯಾರೋ ಪೂರ್ತಿ ತೆರೆದು, ಅದೇ ಹೊತ್ತಿಗೆ ಅಣೆಕಟ್ಟಿನಲ್ಲೂ ನೀರು ಕಡಿಮೆಯಾದರೆ, ನಡುವಿನ ಗದ್ದೆಗೆ ನೀರೇರುವ ಎತ್ತರ ಉಳಿಯುವುದಿಲ್ಲ. ಮೂತ್ರಪಿಂಡದ ಸೋಸುವ ಗಂಟಿಗೆ ರಕ್ತ ತರುವ ನಾಳವನ್ನು ನೋವಿನ ಗುಳಿಗೆ ಬಿಗಿಗೊಳಿಸುತ್ತದೆ, ರಕ್ತ ಹೊರಹೋಗುವ ನಾಳವನ್ನು ಟೆಲ್ಮಿಸಾರ್ಟಾನ್ ಸಡಿಲಿಸುತ್ತದೆ, ಮೂತ್ರ ಹೆಚ್ಚಿಸುವ ಗುಳಿಗೆ ಮತ್ತು ಒಣಗಿದ ಮೈ ಎರಡೂ ಸೇರಿ ಒಟ್ಟು ರಕ್ತದ ಮೊತ್ತವನ್ನೇ ಇಳಿಸುತ್ತವೆ. ಸೋಸಲು ಬೇಕಾದ ಒತ್ತಡ ಬೀಳುತ್ತದೆ, ಮೂತ್ರ ನಿಲ್ಲುತ್ತದೆ.

ಆದ್ದರಿಂದ ಆಸ್ಪತ್ರೆಗೆ ಬರುವಾಗ ಮನೆಯಲ್ಲಿರುವ ಎಲ್ಲ ಗುಳಿಗೆಗಳ ಸ್ಟ್ರಿಪ್‌ಗಳನ್ನು, ಖಾಲಿಯಾದವನ್ನೂ ಬಿಡದೆ, ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ. ‘ಬಿ.ಪಿ. ಗುಳಿಗಿ, ಬೆಳ್ಳಗ ಸಣ್ಣದು’ ಎಂಬ ವಿವರಣೆಯಿಂದ ನಮಗೆ ಏನೂ ತಿಳಿಯುವುದಿಲ್ಲ. ಬಿದ್ದಾಗಿನಿಂದ ಎಷ್ಟು ಸೂಜಿ ಆಗಿದೆ, ನಾಟಿ ಪುಡಿ ಏನಾದರೂ ಕೊಟ್ಟಿದ್ದೀರಾ ಎಂಬುದನ್ನೂ ಮುಚ್ಚಿಡದೆ ಹೇಳಿ. ಹೆಸರಿಲ್ಲದ ಪೊಟ್ಟಣಗಳಲ್ಲಿ ನೋವಿನ ಔಷಧ ಮತ್ತು ಸ್ಟೀರಾಯ್ಡ್ ಬೆರೆಸಿರುವುದು ಅಪರೂಪವಲ್ಲ. ಬಿ.ಪಿ. ಗುಳಿಗೆಯನ್ನಾಗಲಿ ಸಕ್ಕರೆ ಕಾಯಿಲೆಯ ಗುಳಿಗೆಯನ್ನಾಗಲಿ ನಿಮ್ಮಷ್ಟಕ್ಕೆ ನಿಲ್ಲಿಸುವುದು ಬೇಡ, ಯಾವುದನ್ನು ಕೆಲವು ದಿನ ತಡೆಹಿಡಿಯಬೇಕು ಎಂಬುದನ್ನು ವೈದ್ಯರು ನಿರ್ಧರಿಸುತ್ತಾರೆ, ನೀವು ಕೇಳುವುದನ್ನು ಮಾತ್ರ ಮರೆಯಬಾರದು. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಇಂಥ ಹೊತ್ತಿನಲ್ಲಿ ರಕ್ತದಲ್ಲಿ ಆಮ್ಲ ಹೆಚ್ಚಿಸಬಲ್ಲದು, ಅದೇ ಕಾಯಿಲೆಯ ಡಾಪಾಗ್ಲಿಫ್ಲೋಜಿನ್ ಕುಲದ ಗುಳಿಗೆಗಳನ್ನು ಯೋಜಿತ ಶಸ್ತ್ರಚಿಕಿತ್ಸೆಗೆ ಮೂರ್ನಾಲ್ಕು ದಿನ ಮೊದಲೇ ನಿಲ್ಲಿಸುತ್ತಾರೆ. ಸೋಂಕಿಗೆ ಕೊಡುವ ಅಮಿಕಾಸಿನ್, ಜೆಂಟಾಮೈಸಿನ್ ಸೂಜಿಗಳಿಗೂ ಕಿಡ್ನಿಯ ಮೇಲೆ ಕಣ್ಣಿರಲೇಬೇಕು.

ಕ್ರಿಯಾಟಿನಿನ್ ಚೀಟಿಯನ್ನು ಓದುವಾಗ ಆಗುವ ಮೋಸವನ್ನು ಇಲ್ಲಿ ಬಿಡಿಸಿ ಹೇಳಲೇಬೇಕು. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಲ್ಲಿ. ದಷ್ಟಪುಷ್ಟ ಯುವಕನಲ್ಲಿ ಹೆಚ್ಚು ಹುಟ್ಟುತ್ತದೆ, ಎಲುಬು ಚರ್ಮ ಮಾತ್ರ ಉಳಿದ ವೃದ್ಧೆಯಲ್ಲಿ ಕಡಿಮೆ ಹುಟ್ಟುತ್ತದೆ; ಹೀಗಾಗಿ ಒಂದೇ ಅಂಕಿ ಇಬ್ಬರಲ್ಲೂ ಒಂದೇ ಅರ್ಥ ಕೊಡುವುದಿಲ್ಲ. ಮೂತ್ರಪಿಂಡ ನಿಮಿಷಕ್ಕೆ ಎಷ್ಟು ಸೋಸುತ್ತದೆ ಎಂಬುದನ್ನು ವಯಸ್ಸು, ತೂಕ, ಲಿಂಗ ಸೇರಿಸಿ ಲೆಕ್ಕ ಹಾಕುವ ಹಳೆಯ ಸೂತ್ರವೊಂದಿದೆ: 140ರಲ್ಲಿ ವಯಸ್ಸನ್ನು ಕಳೆದು, ತೂಕದಿಂದ ಗುಣಿಸಿ, ಅದನ್ನು ಕ್ರಿಯಾಟಿನಿನ್‌ನ 72 ಪಟ್ಟಿನಿಂದ ಭಾಗಿಸಿ, ಹೆಣ್ಣಾದರೆ ಮತ್ತೆ 0.85ರಿಂದ ಗುಣಿಸುವುದು. 1.2 ಕ್ರಿಯಾಟಿನಿನ್ ಇರುವ, 60 ಕಿಲೋ ತೂಕದ 25 ವರ್ಷದ ಹುಡುಗನಿಗೆ ನಿಮಿಷಕ್ಕೆ ಸುಮಾರು 80 ಮಿಲಿಲೀಟರ್ ಬರುತ್ತದೆ. ಅದೇ 1.2 ಇರುವ, 40 ಕಿಲೋ ತೂಕದ 75 ವರ್ಷದ ಅಜ್ಜಿಗೆ ಬರುವುದು ಸುಮಾರು 26 ಮಾತ್ರ. ಹುಡುಗನ ಚೀಟಿಯ ಹಾಗೆ ಅಜ್ಜಿಯ ಚೀಟಿಯೂ ‘ಸರಿಯಿದೆ’ ಎಂದು ಮಡಚಿ ಇಟ್ಟರೆ, ಮೂರನೇ ಒಂದು ಭಾಗಕ್ಕಿಂತ ಕಡಿಮೆ ಕೆಲಸ ಮಾಡುತ್ತಿರುವ ಮೂತ್ರಪಿಂಡಕ್ಕೆ ಪೂರ್ತಿ ಪ್ರಮಾಣದ ಔಷಧಗಳು ಹೋಗುತ್ತವೆ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಹೊಟ್ಟೆಯ ಚರ್ಮಕ್ಕೆ ಕೊಡುವ ಎನಾಕ್ಸಪ್ಯಾರಿನ್ ಸೂಜಿಯನ್ನು ಈ ಲೆಕ್ಕ 30ಕ್ಕಿಂತ ಕೆಳಗಿದ್ದವರಿಗೆ ಕಡಿಮೆ ಮಾಡಬೇಕಾಗುತ್ತದೆ, ಇಲ್ಲದಿದ್ದರೆ ರಕ್ತಸ್ರಾವದ ಭಯ. ನೋವಿನ ಔಷಧವಾದ ಟ್ರಮಡಾಲ್‌ಗೂ ಹೀಗೆಯೇ ಎಚ್ಚರ ಬೇಕು. ಸೇರಿದ ದಿನವೇ ತೂಕವನ್ನು ಅಂದಾಜಿನಿಂದಲಾದರೂ ಬರೆಸಿ. ತೂಕವೇ ಗೊತ್ತಿಲ್ಲದೆ ಯಾವ ಲೆಕ್ಕವೂ ಬಾರದು.

ಮೂತ್ರದ ಚೀಲವನ್ನು ನೋಡುವುದು ಯಾರಿಗಾದರೂ ಬರುವ ವಿದ್ಯೆ. ಮಂಚದ ಕಬ್ಬಿಣದ ಪಟ್ಟಿಗೆ ನೇತುಹಾಕಿರುವ ಆ ಪಾರದರ್ಶಕ ಚೀಲದ ಮೇಲೆ ಗೆರೆಗಳೂ ಅಂಕಿಗಳೂ ಇರುತ್ತವೆ. 40 ಕಿಲೋ ತೂಕದವರಿಗೆ ತಾಸಿಗೆ 20 ಮಿಲಿಲೀಟರ್ ಎಂದರೆ ಆರು ತಾಸಿಗೆ 120; ಬೆಳಗ್ಗೆ ಆರಕ್ಕೆ ಚೀಲ ಖಾಲಿ ಮಾಡಿದ ಮೇಲೆ ಮಧ್ಯಾಹ್ನ ಹನ್ನೆರಡಕ್ಕೆ ನೂರರ ಗೆರೆಯೂ ಮುಟ್ಟದಿದ್ದರೆ ಸಿಸ್ಟರನ್ನು ಕರೆಯಬೇಕು. ತಿಳಿ ಹಳದಿ ಬಣ್ಣವಿದ್ದರೆ ನೆಮ್ಮದಿ, ಗಾಢವಾಗುತ್ತ ಹೋದರೆ ನೀರು ಸಾಲದು, ಕಪ್ಪು ಕಂದಾದರೆ ತಕ್ಷಣ ಹೇಳಬೇಕು. ಹೇಳುವ ಮೊದಲು ನಳಿಕೆ ತೊಡೆಯಡಿ ಸಿಕ್ಕಿ ಮಡಚಿಕೊಂಡಿದೆಯೇ ಎಂದು ನೋಡಿ. ಚೀಲವನ್ನು ರೋಗಿಯ ಹೊಟ್ಟೆಯ ಮಟ್ಟಕ್ಕಿಂತ ಮೇಲೆ ಎಂದೂ ಎತ್ತಬಾರದು, ನೆಲಕ್ಕೂ ತಾಗಿಸಬಾರದು. ಎಕ್ಸ್‌ರೇಗೆ ಸ್ಟ್ರೆಚರಿನಲ್ಲಿ ಒಯ್ಯುವಾಗ ಚೀಲವನ್ನು ರೋಗಿಯ ಎದೆಯ ಮೇಲೆ ಇಡುವ ರೂಢಿ ಸೋಂಕಿಗೆ ನೇರ ದಾರಿ. ಅಗತ್ಯ ಮುಗಿದ ಕೂಡಲೇ, ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ಮರುದಿನ ಅಥವಾ ಅದರ ಮಾರನೆಯ ದಿನ, ನಳಿಕೆ ತೆಗೆಯಬೇಕು. ಎತ್ತುವ ಕೆಲಸ ತಪ್ಪುತ್ತದೆಂದು ಇನ್ನೂ ನಾಲ್ಕು ದಿನ ಇರಲಿ ಎಂದು ಮನೆಯವರು ಕೇಳುವುದುಂಟು, ಹಾಗೆ ಕೇಳುವವರ ದಣಿವು ನನಗೆ ಅರ್ಥವಾಗುತ್ತದೆ, ಆದರೆ ಆ ನಾಲ್ಕು ದಿನದಲ್ಲಿ ಹತ್ತುವ ಸೋಂಕು ಕಿಡ್ನಿಯವರೆಗೆ ಏರಬಲ್ಲದು. ತೆಗೆದ ಮೇಲೆ ಆರೆಂಟು ತಾಸಿನೊಳಗೆ ಮೂತ್ರ ಹೋಗದೆ ಕೆಳಹೊಟ್ಟೆ ಉಬ್ಬಿದರೆ ಅದು ಕಿಡ್ನಿಯ ಸೋಲಲ್ಲ, ಹೊಟ್ಟೆಯೊಳಗಿನ ಮೂತ್ರಕೋಶ ಕಟ್ಟಿಕೊಂಡಿರುವುದು. ಪ್ರೋಸ್ಟೇಟ್ ದೊಡ್ಡದಾಗಿರುವ ಗಂಡಸರಲ್ಲಿ ಮತ್ತು ದಿನಗಟ್ಟಲೆ ಮಲಬದ್ಧತೆ ಆದವರಲ್ಲಿ ಇದು ಹೆಚ್ಚು, ಹಾಗೆಯೇ ಬಿಟ್ಟರೆ ಹಿಂದಕ್ಕೆ ಒತ್ತಿ ಕಿಡ್ನಿಯನ್ನೂ ಕೆಡಿಸುತ್ತದೆ.

‘ಕಿಡ್ನಿಗೆ ತೊಂದರೆ ಆಗಿದೆ’ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಮನೆಯವರು ಮಾಡುವ ಕೆಲವು ಕೆಲಸಗಳು ಹಿತಕ್ಕಿಂತ ಅಹಿತವನ್ನೇ ಮಾಡುತ್ತವೆ. ಮೂತ್ರ ಇಳಿದಿದೆ ಎಂದು ದಿನಕ್ಕೆ ಮೂರು ನಾಲ್ಕು ಎಳನೀರು ಕುಡಿಸುತ್ತಾರೆ. ಎಳನೀರಿನಲ್ಲಿ ಪೊಟ್ಯಾಸಿಯಂ ಬಹಳ. ಮೂತ್ರದ ಮೂಲಕ ಹೊರಹೋಗಬೇಕಾದ ಅದು ರಕ್ತದಲ್ಲೇ ಸೇರುತ್ತ ಹೋದರೆ ಹೃದಯದ ಬಡಿತವೇ ನಿಲ್ಲಬಹುದು. ಆದ್ದರಿಂದ ಮೂತ್ರ ಕಡಿಮೆಯಾದವರಿಗೆ ಎಳನೀರು, ಬಾಳೆಹಣ್ಣು, ಹಣ್ಣಿನ ರಸ ಇವನ್ನು ಕೇಳದೆ ಕೊಡಲೇಬಾರದು. ಇನ್ನೊಂದು ಅತಿರೇಕ ಇದಕ್ಕೆ ಪೂರ್ತಿ ಉಲ್ಟಾ. ಯಾರೋ ಹೇಳಿದರೆಂದು ಬೇಳೆ, ಮೊಟ್ಟೆ, ಹಾಲು ಎಲ್ಲ ನಿಲ್ಲಿಸಿ ಬರೀ ಗಂಜಿಯ ಮೇಲೆ ಇಡುತ್ತಾರೆ. ಶಸ್ತ್ರಚಿಕಿತ್ಸೆಯ ಗಾಯ ಮಾಯಲು, ಕರಗಿದ ಸ್ನಾಯು ಮರಳಲು ಪ್ರೋಟೀನ್ ಬೇಕೇ ಬೇಕು, ಕೆಲವು ದಿನಗಳ ಕಿಡ್ನಿ ತೊಂದರೆಗೆ ಅದನ್ನು ಕಿತ್ತುಕೊಳ್ಳುವುದು ಸರಿಯಲ್ಲ. ಎಲುಬಿಗೆ ಬಲ ಎಂದು ಮನೆಯಿಂದ ತರುವ ಕಾಲು ಸೂಪಿನ ಬಗ್ಗೆಯೂ ಕೇಳುತ್ತಾರೆ. ಮೂತ್ರ ಚೆನ್ನಾಗಿ ಹೋಗುತ್ತಿದ್ದರೆ ಉಪ್ಪು ಕಡಿಮೆ ಮಾಡಿ ಕೊಡಲು ಅಡ್ಡಿಯಿಲ್ಲ.

ಬಹುಪಾಲು ಮಂದಿಯಲ್ಲಿ ಕಾರಣ ಬೇಗ ಗೊತ್ತಾಗಿ, ನೀರಿನ ಕೊರತೆ ನೀಗಿ, ಕೆಡುಕಿನ ಔಷಧ ನಿಂತರೆ, ಕೆಲವೇ ದಿನಗಳಲ್ಲಿ ಕ್ರಿಯಾಟಿನಿನ್ ಇಳಿಯುತ್ತದೆ. ಡಯಾಲಿಸಿಸ್ ಬೇಕಾಗುವವರು ಸ್ವಲ್ಪವೇ ಜನ. ಬೇಕಾದರೂ ಅದಕ್ಕೆ ಹೆದರಿ ರೋಗಿಯನ್ನು ಮನೆಗೆ ಒಯ್ಯಬೇಡಿ ಎಂದು ನಾನು ಕೈಮುಗಿದು ಕೇಳುತ್ತೇನೆ. ‘ಡಯಾಲಿಸಿಸ್ ಹಚ್ಚಿದರ ಮುಗೀತು, ಜೀವನಪೂರ್ತಿ’ ಎಂಬ ಮಾತು ಹಠಾತ್ ಪೆಟ್ಟಿಗೆ ಅನ್ವಯಿಸುವುದಿಲ್ಲ. ಎಷ್ಟೋ ಮಂದಿಗೆ ಕೆಲವು ಸಲ ಮಾಡಿದ ಮೇಲೆ ಮೂತ್ರ ಮರಳಿ, ಯಂತ್ರದ ಅಗತ್ಯ ತಪ್ಪುತ್ತದೆ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಿಂದಾಗಿ ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಇದು ಉಚಿತ, ನಮ್ಮ ರಾಜ್ಯದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಘಟಕಗಳಿವೆ.

ಮನೆಗೆ ಹೋದ ಮೇಲಿನ ತಿಂಗಳು ನನಗೆ ಹೆಚ್ಚು ಚಿಂತೆಯ ಕಾಲ. ವಾರ್ಡಿನಲ್ಲಿ ಗೆರೆಯ ಲೋಟವೂ ಚಾರ್ಟೂ ಇದ್ದವು, ಮನೆಯಲ್ಲಿ ಎಲ್ಲರೂ ಬೆಳಗ್ಗೆ ಕೆಲಸಕ್ಕೆ ಹೋಗುತ್ತಾರೆ, ಹಿರಿಯರು ಪಡಸಾಲೆಯ ಮಂಚದ ಮೇಲೆ ಒಬ್ಬರೇ ಇರುತ್ತಾರೆ, ವಾಕರ್ ಹಿಡಿದು ಹಿತ್ತಲಿನ ಪಾಯಖಾನೆಗೆ ಹೋಗುವುದು ಅವರಿಗೆ ದೊಡ್ಡ ಪ್ರಯಾಣ, ಆದ್ದರಿಂದ ಮತ್ತೆ ನೀರು ಬಿಡುತ್ತಾರೆ. ನೋವು ಬಂದಾಗ ಡಿಸ್ಚಾರ್ಜ್ ಚೀಟಿಯಲ್ಲಿ ಐದು ದಿನಕ್ಕೆ ಬರೆದ ಗುಳಿಗೆಯನ್ನೇ ಅದೇ ಚೀಟಿ ತೋರಿಸಿ ತಿಂಗಳುಗಟ್ಟಲೆ ತರಿಸುತ್ತಾರೆ. ಮಂಚದ ಪಕ್ಕಕ್ಕೆ ತೂತಿನ ಕುರ್ಚಿಯೊಂದನ್ನು ತಂದಿಟ್ಟರೆ, ಕೈಗೆಟಕುವಂತೆ ಮುಚ್ಚಳದ ಬಾಟ್ಲಿಯಲ್ಲಿ ಒಂದು ಲೀಟರು ನೀರು ಇಟ್ಟು ಸಂಜೆ ಬಂದಾಗ ಎಷ್ಟು ಉಳಿದಿದೆ ಎಂದು ನೋಡಿದರೆ, ಅರ್ಧ ಕಾಳಜಿ ಅಲ್ಲೇ ಆಯಿತು. ವಾಂತಿ ಭೇದಿ ಶುರುವಾದ ದಿನ ಬಿ.ಪಿ. ಮತ್ತು ಸಕ್ಕರೆಯ ಗುಳಿಗೆಗಳ ಬಗ್ಗೆ ಫೋನ್ ಮಾಡಿ ಕೇಳಬೇಕು. ನೋವಿಗೆ ಪ್ಯಾರಾಸಿಟಮಾಲ್ ಮಾತ್ರವೇ ಮೊದಲ ಆಯ್ಕೆ, ಅದೂ ತೂಕಕ್ಕೆ ತಕ್ಕಷ್ಟು.

ಎಲುಬು ಮತ್ತು ಕಿಡ್ನಿಯ ನಂಟು ಒಂದು ಕಡೆಯಿಂದ ಮಾತ್ರ ಇಲ್ಲ ಎಂಬುದನ್ನೂ ಹೇಳಬೇಕು. ವಿಟಮಿನ್ ಡಿಗೆ ಕೊನೆಯ ಹದ ಕೊಟ್ಟು ಅದನ್ನು ಕೆಲಸಕ್ಕೆ ಬರುವಂತೆ ಮಾಡುವುದು ಮೂತ್ರಪಿಂಡ; ಅದು ಸೊರಗಿದವರ ಎಲುಬು ಮೊದಲೇ ಟೊಳ್ಳಾಗುತ್ತದೆ, ಹೀಗಾಗಿ ಹಳೆಯ ಕಿಡ್ನಿ ಕಾಯಿಲೆ ಇರುವವರಲ್ಲಿ ಸೊಂಟ ಮುರಿಯುವುದೂ ಹೆಚ್ಚು. ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರಿನ ಕಡೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದು ಎಲುಬನ್ನು ನೋಡಲು ದಪ್ಪ ಮಾಡಿ ಒಳಗೆ ಪೆಡಸು ಮಾಡುತ್ತದೆ, ಮತ್ತು ಅದನ್ನು ಮೈಯಿಂದ ಹೊರಹಾಕುವ ಮುಖ್ಯ ದಾರಿಯೂ ಮೂತ್ರಪಿಂಡವೇ ಆಗಿರುವುದರಿಂದ ಕಿಡ್ನಿ ಸೋತವರಲ್ಲಿ ಅದು ಇನ್ನೂ ಹೆಚ್ಚು ಉಳಿಯುತ್ತದೆ. ಹೆಚ್ಚು ನೀರು ಕುಡಿಯಿರಿ ಎಂದು ಹೇಳುವ ನಾನು ಅದು ಶುದ್ಧೀಕರಣ ಘಟಕದ ನೀರೋ, ನದಿ ಮೂಲದ ನಳದ ನೀರೋ ಆಗಿರಲಿ ಎಂದು ಸೇರಿಸಿಯೇ ಹೇಳುತ್ತೇನೆ.

ಮೂತ್ರಪಿಂಡಕ್ಕೆ ಒಮ್ಮೆ ಪೆಟ್ಟು ಬಿದ್ದವರು ಮೂರು ತಿಂಗಳಿಗೆ ಮತ್ತೆ ಕ್ರಿಯಾಟಿನಿನ್ ಮತ್ತು ಮೂತ್ರದಲ್ಲಿನ ಪ್ರೋಟೀನ್ ಪರೀಕ್ಷೆ ಮಾಡಿಸಬೇಕು ಎಂಬುದು ಮಾರ್ಗಸೂಚಿಯ ಮಾತು. ಹೊಲಿಗೆ ಬಿಚ್ಚಿದ ಮೇಲೆ ಬಹುಪಾಲು ಮಂದಿ ಆಸ್ಪತ್ರೆಯ ಮುಖ ನೋಡುವುದಿಲ್ಲವಾದ್ದರಿಂದ ಈ ಪರೀಕ್ಷೆ ತಪ್ಪಿಹೋಗುತ್ತದೆ. ಅದರ ಅಗತ್ಯ ಇನ್ನೊಂದು ಕಾರಣಕ್ಕೂ ಇದೆ. ಇನ್ನೊಂದು ಮಗ್ಗುಲು ಮುರಿಯದಿರಲಿ ಎಂದು ವರ್ಷಕ್ಕೊಮ್ಮೆ ಕೊಡುವ ಜೋಲೆಡ್ರೋನಿಕ್ ಆಮ್ಲದ ಬಾಟ್ಲಿಯನ್ನು, ಮೇಲೆ ಹೇಳಿದ ಸೂತ್ರದಿಂದ ಬರುವ ಲೆಕ್ಕ 35ಕ್ಕಿಂತ ಕೆಳಗಿದ್ದವರಿಗೆ ಹಾಕುವಂತಿಲ್ಲ. ಹಾಕಬಹುದಾದವರಿಗೂ ಹದಿನೈದು ನಿಮಿಷಕ್ಕಿಂತ ಬೇಗ ಹರಿಸಬಾರದು, ಹಾಕುವ ಮೊದಲು ಮೈಯಲ್ಲಿ ನೀರು ಸಾಕಷ್ಟಿರಬೇಕು, ವಿಟಮಿನ್ ಡಿ ಮತ್ತು ಕ್ಯಾಲ್ಸಿಯಂ ಸರಿಯಿರಬೇಕು. ಅದೇ ಉದ್ದೇಶಕ್ಕೆ ಆರು ತಿಂಗಳಿಗೊಮ್ಮೆ ಕೊಡುವ ಡೆನೊಸುಮ್ಯಾಬ್ ಸೂಜಿಗೆ ಕಿಡ್ನಿಯ ಆ ಮಿತಿ ಇಲ್ಲವಾದರೂ, ಕಿಡ್ನಿ ಬಹಳ ಸೋತವರಲ್ಲಿ ಅದು ರಕ್ತದ ಕ್ಯಾಲ್ಸಿಯಂ ಅನ್ನು ಅಪಾಯಕಾರಿಯಾಗಿ ಇಳಿಸಬಲ್ಲದು, ಮತ್ತು ನಡುವೆ ಬಿಟ್ಟರೆ ಬೆನ್ನೆಲುಬು ಮುರಿಯುವ ಭಯವಿದೆ. ಆದ್ದರಿಂದ ಎಲುಬಿನ ಡಾಕ್ಟರು ಈ ಔಷಧಗಳ ಮಾತೆತ್ತಿದ ದಿನ ಹಳೆಯ ಡಿಸ್ಚಾರ್ಜ್ ಚೀಟಿಯನ್ನು ಮುಂದಿಟ್ಟು, ಆಸ್ಪತ್ರೆಯಲ್ಲಿದ್ದಾಗ ಕ್ರಿಯಾಟಿನಿನ್ ಎಷ್ಟಕ್ಕೆ ಏರಿತ್ತು ಎಂಬುದನ್ನು ತೋರಿಸಿ, ಅದೇ ವಾರ ಮಾಡಿಸಿದ ಹೊಸ ವರದಿಯನ್ನು ಜೊತೆಗಿಡಿ.